ಅಣ್ಣನ ಗಾಡಿಗೆ ಕೂರಿಸಿದ ಇಂಜಿನ್

ನನ್ನ ಚಿಕ್ಕಪ್ಪ ಗಾಡಿ ರಿಪೇರಿಯವನು. ಬ್ರೇಕು, ಕ್ಲಚ್ಚು, ಗೇರ್ ಬಾಕ್ಸು, ಏನು ಬೇಕಾದರೂ ಮಾಡಿಕೊಡುತ್ತಾನೆ. ಆದರೆ ಒಂದು ಗಾಡಿಯ ಇಂಜಿನ್ ಇಳಿಸಿ ಇನ್ನೊಂದನ್ನು ಕೂರಿಸಿಕೊಡು ಎಂದು ಯಾರಾದರೂ ಬಂದರೆ ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಆ ಕೆಲಸ ಬಿಟ್ಟಿದ್ದೀನಿ, ಬೇರೆ ಕಡೆ ನೋಡಿ" ಎಂದುಬಿಡುತ್ತಾನೆ. ಬಂದವರು ಪೆಚ್ಚಾಗುತ್ತಾರೆ. ಆ ಕೆಲಸಕ್ಕೆ ಇವನೇ ಸರಿ ಎಂದು ನಾಲ್ಕು ಕಡೆ ಕೇಳಿಕೊಂಡೇ ಅವರು ಬಂದಿರುತ್ತಾರೆ. ಅವನು ಕೊನೆಯದಾಗಿ ಇಂಜಿನ್ ಬದಲಾಯಿಸಿದ್ದು ನಮ್ಮ ಅಪ್ಪನ ಹಳೆಯ ಪಿಕಪ್ಪಿಗೆ. ಅಷ್ಟು ಒಳ್ಳೆಯ ಕೆಲಸವನ್ನು ಅವನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಆ ಒಳ್ಳೆಯ ಕೆಲಸವೇ ಅಪ್ಪನ ಕೈಯಿಂದ ಸ್ಟೇರಿಂಗ್ ಬಿಡಿಸಿತು.

ಬೀದಿಯವರು ಚಿಕ್ಕಪ್ಪನಿಗೆ ಇಟ್ಟ ಹೆಸರು ನಾಜೂಕು. ಎದುರಿಗೆ ನಾಜೂಕು ಮೇಸ್ತ್ರಿ, ಹಿಂದಿನಿಂದ ಬರೀ ನಾಜೂಕು. ಸುಮ್ಮನೆ ಬಂದ ಹೆಸರಲ್ಲ. ಅವನಿಗೆ ಸದ್ದು ಆಗದು. ಯಾವುದೇ ವಸ್ತು ತನಗೆ ಬೇಡದ ಸದ್ದು ಮಾಡುತ್ತಿದ್ದರೆ ಅದಕ್ಕೇನೋ ನೋವಿದೆ ಎಂದೇ ಅವನ ಲೆಕ್ಕ. ಒಮ್ಮೆ ಸಿನಿಮಾಕ್ಕೆ ಹೋದಾಗ ಅರ್ಧಕ್ಕೇ ಎದ್ದು ಹೋದವನು ವಾಪಸ್ಸು ಬರಲಿಲ್ಲ. ಸಿನಿಮಾ ಮುಗಿಸಿ ನಾವು ಹೊರಗೆ ಬಂದು ನೋಡಿದರೆ, ಫ್ಯಾನಿನ ಬುಷ್ ಸವೆದಿದೆ ಎಂದು ಟಿಕೆಟ್ ಕೊಡುವವನ ತಲೆ ತಿನ್ನುತ್ತ ನಿಂತಿದ್ದ. ಅವನ ಮನೆಯ ಕುರ್ಚಿಗಳ ಕಾಲಿಗೆಲ್ಲ ಟ್ಯೂಬಿನ ತುಂಡು ಸುತ್ತಿದೆ. ಬಾಗಿಲು ತೆಗೆದದ್ದೂ ಗೊತ್ತಾಗುವುದಿಲ್ಲ, ಹಾಕಿದ್ದೂ ಗೊತ್ತಾಗುವುದಿಲ್ಲ. ಚಿಕ್ಕಮ್ಮ ನಗುತ್ತ ಹೇಳುತ್ತಿದ್ದಳು: "ಮದುವೆಯಾದ ಹೊಸದರಲ್ಲಿ ನಾನು ಪಾತ್ರೆ ತೊಳೀತಿದ್ರೆ ಬಂದು ಪಕ್ಕದಲ್ಲೇ ನಿಲ್ಲೋರು. ಆಹಾ, ಎಷ್ಟು ಪ್ರೀತಿ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ನಾನು ಲೋಟ ಇಡೋ ಸದ್ದು ತಡೆಯಕ್ಕಾಗದೆ ಬರ್ತಿದ್ರು ಕಣೇ!"

ನಮ್ಮದು ಅವನ ಗ್ಯಾರೇಜಿನ ಎದುರು ಮನೆ. ನಮ್ಮ ಮನೆಯಲ್ಲಿ ಎಲ್ಲರದ್ದೂ ಜೋರು ಬಾಯಿ. ಉಪ್ಪು ಕೊಡು ಅನ್ನುವುದನ್ನೂ ನಾವು ಜಗಳದ ದನಿಯಲ್ಲೇ ಹೇಳುತ್ತೇವೆ. ಟಿವಿಯ ದನಿ ಬೀದಿ ತುದಿಗೆ ಕೇಳುತ್ತಿತ್ತು. ಇದಕ್ಕೆಲ್ಲ ಕಾರಣ ಅಪ್ಪನ ಗಾಡಿ ಎಂದು ಅಮ್ಮನ ಆರೋಪ. "ದಿನವಿಡೀ ಆ ಗುಡುಗಿನ ಮೇಲೆ ಕೂತು ಬರ್ತಾರೆ. ಮನೆಗೆ ಬಂದ ಮೇಲೂ ಕಿವಿ ಗುಂಯ್ ಅಂತಿರತ್ತೆ. ನಾವು ಮೆತ್ತಗೆ ಮಾತಾಡಿದ್ರೆ ಯಾರಿಗೆ ಬೇಕು" ಅನ್ನುತ್ತಿದ್ದಳು. ನಾವೂ ಹೌದು ಎಂದುಕೊಂಡಿದ್ದೆವು. ಅದಕ್ಕಿಂತ ಹೆಚ್ಚಿನದೇನೋ ಇರಬಹುದು ಎಂದು ಒಬ್ಬರಿಗೂ ಹೊಳೆದಿರಲಿಲ್ಲ.

ಅಪ್ಪನ ಕೆಲಸ ಸಾಮಾನು ಸಾಗಿಸುವುದು. ಮನೆ ಬದಲಾಯಿಸುವವರ ಮಂಚ, ಬೀರು, ಕಟ್ಟಡದವರ ಇಟ್ಟಿಗೆ, ಅಂಗಡಿಯವರ ಮೂಟೆ, ಏನು ಸಿಕ್ಕಿದರೂ ಹೊರುತ್ತಿದ್ದ. ಮೊದಲು ಬೆನ್ನ ಮೇಲೆ ಹೊತ್ತು, ಆಮೇಲೆ ಆ ಪಿಕಪ್ ತೆಗೆದುಕೊಂಡವನು. ತಾತ ಹೋದಾಗ ಚಿಕ್ಕಪ್ಪ ಇನ್ನೂ ಚಿಕ್ಕವನು. ಅವನನ್ನು ಬೆಳೆಸಿದ್ದು, ಕೈ ಹಿಡಿದು ಗ್ಯಾರೇಜಿಗೆ ಸೇರಿಸಿದ್ದು ಎಲ್ಲ ಅಪ್ಪನೇ. ಕೆಲಸ ಕಲಿಯಲೆಂದು ತನ್ನ ಗಾಡಿಯ ಇಂಜಿನ್ನನ್ನೇ ಬಿಚ್ಚಲು ಕೊಟ್ಟಿದ್ದನಂತೆ. "ಕಟ್ಟಿದ ಮೇಲೆ ಒಂದು ಬೋಲ್ಟು ಉಳಿದಿತ್ತು. ಇವನು ಅದನ್ನ ಜೇಬಲ್ಲಿ ಬಚ್ಚಿಟ್ಕೊಂಡು, ರಾತ್ರಿಯೆಲ್ಲ ಅಳ್ತಾ ಮಲಗಿದ್ದ" ಎಂದು ಅಪ್ಪ ಹೇಳಿದಾಗಲೆಲ್ಲ ಚಿಕ್ಕಪ್ಪನ ಕಿವಿ ಕೆಂಪಾಗುತ್ತಿತ್ತು.

ಅದು ಎರಡು ಸಿಲಿಂಡರಿನ ಡೀಸೆಲ್ ಇಂಜಿನ್. ಅಪ್ಪ ಬೆಳಿಗ್ಗೆ ಅದನ್ನು ಚಾಲೂ ಮಾಡಿದರೆ ನಮ್ಮ ಅಡುಗೆಮನೆಯ ತಟ್ಟೆಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತಿದ್ದವು. ನಾನು ಹೊಲಿಗೆ ಅಂಗಡಿಯ ಕೆಲಸಕ್ಕೆ ದಿನಾ ಅಪ್ಪನ ಪಕ್ಕದಲ್ಲೇ ಕೂತು ಹೋಗುತ್ತಿದ್ದೆ. ಏನಾದರೂ ಹೇಳಬೇಕೆಂದರೆ ಅವನ ಭುಜ ತಟ್ಟಿ, ಕಿವಿಯ ಹತ್ತಿರ ಬಾಯಿ ತಂದು ಕಿರುಚಬೇಕಿತ್ತು. ಸಾಮಾನು ಹತ್ತಿಸುವ ಆಳುಗಳೂ ಬಾಯಿ ನಂಬುತ್ತಿರಲಿಲ್ಲ. ಗಾಡಿ ಹಿಂದೆ ತೆಗೆಯುವಾಗ ಹಿಂಬಾಗಿಲ ತಗಡಿಗೆ ಅಂಗೈಯಿಂದ ಬಡಿಯುವುದು ಅವರ ಪದ್ಧತಿ. ಎರಡು ಬಡಿತಕ್ಕೆ ಬಾ, ಒಂದು ದೊಡ್ಡ ಬಡಿತಕ್ಕೆ ನಿಲ್ಲು. ಅಪ್ಪ ಆ ಬಡಿತಕ್ಕೆ ಸರಿಯಾಗಿ, ಗೋಡೆಗೂ ಗಾಡಿಗೂ ನಡುವೆ ಒಂದು ಗೇಣು ಉಳಿಸಿ ನಿಲ್ಲಿಸುತ್ತಿದ್ದ. ಅವನಂಥ ಡ್ರೈವರ್ ಇಲ್ಲ ಎಂದು ಆಳುಗಳೇ ಹೊಗಳುತ್ತಿದ್ದರು.

ಆ ಇಂಜಿನ್ ಕೊನೆಗೊಮ್ಮೆ ಸುಸ್ತಾಯಿತು. ಹೊಗೆ ಉಗುಳಿತು, ಆಯಿಲ್ ಕುಡಿಯಿತು, ಇಟ್ಟಿಗೆ ಹೇರಿಕೊಂಡು ಏರು ಹತ್ತುವಾಗ ನಡುದಾರಿಯಲ್ಲಿ ನಿಂತೇಬಿಟ್ಟಿತು. ಚಿಕ್ಕಪ್ಪ ಅದನ್ನು ಎಳೆದು ತಂದು ಬಿಚ್ಚಿ ನೋಡಿದ. ಲೇತ್ ಕೆಲಸದವನು ಬಂದು, ಸವೆದ ಸಿಲಿಂಡರನ್ನು ಕೊರೆದು ಬೋರ್ ಮಾಡಿ, ಕ್ರ್ಯಾಂಕ್ ಸರಿಪಡಿಸಿದರೆ ಇನ್ನೂ ಕೆಲವು ವರ್ಷ ದುಡಿಯುತ್ತದೆ ಎಂದ. ಅಪ್ಪನ ಮುಖ ಅರಳಿತು.

"ಹಾಗೇ ಮಾಡು. ಇದನ್ನೇ ಸರಿ ಮಾಡಿ ಕೂರಿಸು."

"ಎಷ್ಟು ಸಲ ಅಂತ ಬೋರ್ ಮಾಡಿಸೋದು ಅಣ್ಣ?" ಚಿಕ್ಕಪ್ಪ ಅಪ್ಪನ ಎದುರಿಗೆ ಬಂದು ಗಟ್ಟಿಯಾಗಿ ಹೇಳಿದ. "ಒಂದು ಒಳ್ಳೆ ಇಂಜಿನ್ ನೋಡಿಟ್ಟಿದ್ದೀನಿ. ನಾಲ್ಕು ಸಿಲಿಂಡರ್‌ದು. ಹಿಂದಿನಿಂದ ಗುದ್ದಿಸ್ಕೊಂಡ ವ್ಯಾನಿಂದು. ಮುಂದುಗಡೆ ಒಂದು ಗೀರೂ ಬಿದ್ದಿಲ್ಲ. ಬೆಣ್ಣೆ ಇದ್ದ ಹಾಗಿದೆ."

"ನಂಗೆ ಬೆಣ್ಣೆ ಬೇಡ. ಇದೇ ಇರಲಿ."

"ಯಾಕೆ ಬೇಡ?"

"ಇದು ಅಭ್ಯಾಸ ಆಗಿದೆ ಕಣೋ."

ಆಮೇಲಿನ ದಿನಗಳಲ್ಲಿ ಅಪ್ಪ ಒಂದೊಂದೇ ನೆವ ತೆಗೆದ. ದೊಡ್ಡ ಇಂಜಿನ್, ಬಾನೆಟ್ಟಿನ ಒಳಗೆ ಹಿಡಿಯುವುದಿಲ್ಲ ಎಂದ. ಚಿಕ್ಕಪ್ಪ ಅಳತೆ ಹಿಡಿದು ತೋರಿಸಿದ. ಡೀಸೆಲ್ ಜಾಸ್ತಿ ಕುಡಿಯುತ್ತದೆ ಎಂದ. ಕಡಿಮೆಯೇ ಕುಡಿಯುತ್ತದೆ ಎಂದು ಚಿಕ್ಕಪ್ಪ ವಿವರಿಸಿದ. ವ್ಯಾನಿನ ಇಂಜಿನ್ನಿಗೆ ಮೂಟೆ ಹೊತ್ತು ಗೊತ್ತಿಲ್ಲ, ಮುನಿಸಿಕೊಳ್ಳುತ್ತದೆ ಎಂದ. ಅದಕ್ಕೆ ಎಲ್ಲರೂ ನಕ್ಕೆವು. ಅಮ್ಮ ಮೈದುನನ ಕಡೆ ನಿಂತಳು. "ಬೀದಿಯವರ ಕಿವಿ ಉಳಿಯತ್ತೆ, ಸುಮ್ನೆ ಹೂಂ ಅನ್ರೀ" ಎಂದಳು. ನಾನೂ ಅದನ್ನೇ ಹೇಳಿದೆ. ಅಪ್ಪ ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿ, "ಆಯ್ತು, ನಿಮ್ಮಿಷ್ಟ" ಎಂದು ಎದ್ದುಹೋದ. ಹಠಮಾರಿ ಎಂದುಕೊಂಡೆವು. ಬೇಡ ಅನ್ನುವವನ ಬಾಯಲ್ಲಿ ಸರಿಯಾದ ಕಾರಣ ಬರದಿದ್ದರೆ, ಕಾರಣವೇ ಇಲ್ಲ ಎಂದುಕೊಳ್ಳುವುದು ನಮ್ಮ ಮನೆಯವರ ಬುದ್ಧಿ.

ಚಿಕ್ಕಪ್ಪನ ಮನಸ್ಸು ನನಗೆ ಗೊತ್ತಿತ್ತು. ಊರಿನ ಗಾಡಿಗಳನ್ನೆಲ್ಲ ಮೆತ್ತಗೆ ಮಾಡಿದವನ ಎದುರು ಮನೆಯಿಂದಲೇ ದಿನಾ ಬೆಳಿಗ್ಗೆ ಆ ಗುಡುಗು ಏಳುತ್ತಿತ್ತು. ಅವನಿಗೆ ಅದು ಅವಮಾನ. ಅದರ ಜೊತೆಗೆ, ತನ್ನನ್ನು ಸಾಕಿದ ಅಣ್ಣನಿಗೆ ತನ್ನ ಕೈಯಾರೆ ಏನಾದರೂ ಮಾಡಿಕೊಡಬೇಕೆಂಬ ಆಸೆಯೂ ಇತ್ತು. ಅವನಿಗೆ ಗೊತ್ತಿದ್ದ ಅತಿ ದೊಡ್ಡ ಉಡುಗೊರೆ ಎಂದರೆ ನಿಶ್ಶಬ್ದ. ಅದನ್ನೇ ಅಣ್ಣನಿಗೆ ಕೊಡಲು ಹೊರಟ.

ಹಳೆಯ ಇಂಜಿನ್ನನ್ನು ಚೈನ್ ಪುಲ್ಲಿಗೆ ಕಟ್ಟಿ ಇಳಿಸಿದ ದಿನ ಅಪ್ಪ ಗ್ಯಾರೇಜಿನಲ್ಲಿ ನಿಂತಿದ್ದ. ನೇತಾಡುತ್ತಿದ್ದ ಅದರ ಮೇಲೆ ಅಂಗೈ ಇಟ್ಟು ಒಮ್ಮೆ ಸವರಿ ಹೊರಟುಹೋದ. ಅಣ್ಣ ಮನಸ್ಸು ಬದಲಾಯಿಸಿ ಅದನ್ನೇ ವಾಪಸ್ಸು ಕೂರಿಸು ಎಂದರೇನು ಗತಿ ಎಂದು ಚಿಕ್ಕಪ್ಪನಿಗೆ ದಿಗಿಲು. ಅವತ್ತೇ ಗುಜರಿಯವನನ್ನು ಕರೆಸಿದ. "ಇಲ್ಲೇ ಒಡೆದು ತಗೊಂಡ್ಹೋಗು" ಎಂದು ಎದುರಿಗೇ ನಿಂತು ಸುತ್ತಿಗೆಯಿಂದ ಅದರ ಮೈ ಒಡೆಸಿದ. ಮುಂದೆ ಅವನು ಎಲ್ಲಕ್ಕಿಂತ ಹೆಚ್ಚು ನೊಂದುಕೊಂಡದ್ದು ಆ ಸುತ್ತಿಗೆಯ ಪೆಟ್ಟಿಗೆ.

ಹೊಸದನ್ನು ಕೂರಿಸುವುದು ಸುಲಭದ ಕೆಲಸವಾಗಿರಲಿಲ್ಲ. ವ್ಯಾನಿನ ಇಂಜಿನ್ನಿಗೂ ಪಿಕಪ್ಪಿನ ಗೇರ್ ಬಾಕ್ಸಿಗೂ ಹೊಂದುವ ತೂತುಗಳೇ ಇರಲಿಲ್ಲ. ನಡುವೆ ಸಿಕ್ಕಿಸಲು ದಪ್ಪ ಉಕ್ಕಿನ ತಟ್ಟೆಯೊಂದನ್ನು ಕೊರೆಸಬೇಕಾಯಿತು. ಒಂದು ತೂತು ಕೂದಲೆಳೆಯಷ್ಟು ಆಚೆ ಬಿತ್ತೆಂದು ಚಿಕ್ಕಪ್ಪ ಇಡೀ ತಟ್ಟೆ ಎಸೆದು ಇನ್ನೊಂದು ಮಾಡಿಸಿದ. ಲೇತಿನವನು ಅವನಿಗೆ ಕೈ ಮುಗಿದ. ಇಂಜಿನ್ ಕೆಳಗಿನ ಆಯಿಲ್ ಬಟ್ಟಲು ಮುಂದಿನ ಅಡ್ಡಪಟ್ಟಿಗೆ ತಾಗುತ್ತಿತ್ತು, ಅದನ್ನು ಕತ್ತರಿಸಿ ಬೆಸುಗೆ ಹಾಕಿದ. ರೇಡಿಯೇಟರ್ ದೊಡ್ಡದು ಬೇಕಾಯಿತು, ವೈರಿಂಗ್ ಎಲ್ಲ ಹೊಸದಾಗಿ ಎಳೆದ. ಅದುರುವಿಕೆ ಮೇಲೆ ಬರಬಾರದೆಂದು ಇಂಜಿನ್ ಕೂರುವ ಜಾಗಕ್ಕೆ ಒಂದರ ಮೇಲೊಂದು ಎರಡು ರಬ್ಬರ್ ಕೊಟ್ಟ. ಉದ್ದನೆಯ ಸೈಲೆನ್ಸರ್ ಹಾಕಿದ. ಕ್ಯಾಬಿನ್ನಿನ ನೆಲಕ್ಕೆ ದಪ್ಪ ಕಂಬಳಿಯಂಥದ್ದನ್ನು ಅಂಟಿಸಿ, ಮೇಲೆ ಮ್ಯಾಟ್ ಹಾಸಿದ. ಗಾಡಿಗೆ ಹೊಸ ಬಣ್ಣ ಬಳಿಸಿದ. ಊಟಕ್ಕೆ ಬಾ ಎಂದು ಚಿಕ್ಕಮ್ಮ ಕರೆದರೆ ಗಾಡಿಯಡಿಯಿಂದ ಎರಡು ಪಾದ ಮಾತ್ರ ಹೂಂ ಅನ್ನುತ್ತಿದ್ದವು.

ಕೆಲಸ ಮುಗಿದ ದಿನ ಬೀದಿಯವರೆಲ್ಲ ಬಂದರು. ಚಿಕ್ಕಪ್ಪ ಇಂಜಿನ್ ಚಾಲೂ ಮಾಡಿ, ಬಾನೆಟ್ಟಿನ ಮೇಲೆ ಒಂದು ಲೋಟ ತುಂಬ ನೀರಿಟ್ಟ. ನೀರು ಅಲುಗಾಡಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಚಿಕ್ಕಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವನ ಮದುವೆಯ ಫೋಟೋದಲ್ಲೂ ನೋಡಿಲ್ಲ. ಅಪ್ಪ ನಮ್ಮ ಮುಖಗಳನ್ನು ನೋಡಿ, ನಾವು ನಕ್ಕಾಗ ನಕ್ಕ, ಚಪ್ಪಾಳೆ ತಟ್ಟಿದಾಗ ತಟ್ಟಿದ. ಆಮೇಲೆ ಹತ್ತಿ ಕೂತು ಕೀಲಿ ತಿರುಗಿಸಿದ. ಓಡುತ್ತಿದ್ದ ಇಂಜಿನ್ನಿಗೇ ಮತ್ತೆ ಸ್ಟಾರ್ಟರ್ ಕೊಟ್ಟಿದ್ದ. ಕರ್ರ್ ಎಂದು ಹಲ್ಲು ಹಲ್ಲಿಗೆ ಉಜ್ಜಿದ ಸದ್ದಿಗೆ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ.

"ನೋಡಿದ್ರಾ? ಚಾಲೂ ಆಗಿರೋದೇ ಗೊತ್ತಾಗಲ್ಲ, ಅಷ್ಟು ಮೆತ್ತಗಿದೆ!" ಎಂದು ಯಾರೋ ಹೇಳಿದರು. ಎಲ್ಲರೂ ಇನ್ನೊಮ್ಮೆ ನಕ್ಕರು.

ಚಿಕ್ಕಪ್ಪ ಸಾಮಾನು ಹತ್ತಿಸುವ ಆಳುಗಳನ್ನು ಕರೆದು ಬುದ್ಧಿ ಹೇಳಿದ್ದೂ ಅವತ್ತೇ. "ಇನ್ಮೇಲೆ ಯಾರೂ ತಗಡು ಬಡೀಬೇಡಿ. ಹೊಸ ಬಣ್ಣ. ಬಾಯಲ್ಲಿ ಹೇಳಿದ್ರೆ ಸಾಕು, ಈಗ ಎಲ್ಲ ಕೇಳತ್ತೆ."

ಅಲ್ಲಿಂದ ಮುಂದೆ ಅಪ್ಪ ಗಾಡಿ ಓಡಿಸುವ ರೀತಿಯೇ ಕೆಟ್ಟಿತು. ನಿಂತ ಕಡೆಯಲ್ಲೆಲ್ಲ ಕರ್ರ್ ಅನ್ನಿಸುತ್ತಿದ್ದ. ಎರಡನೆಯ ಗೇರಿನಲ್ಲೇ ಮೈಲಿಗಟ್ಟಲೆ ಹೋಗಿ ಇಂಜಿನ್ ಕಾಯಿಸುತ್ತಿದ್ದ. ಕ್ಲಚ್ ಸುಟ್ಟು ನಾರಿತು. ಸ್ಟಾರ್ಟರಿನ ಹಲ್ಲು ಮುರಿಯಿತು. ಚಿಕ್ಕಪ್ಪ ಮೊದಲು ತಾಳ್ಮೆಯಿಂದ ಹೇಳಿಕೊಟ್ಟ, ಆಮೇಲೆ ರೇಗಿದ. ಗಿರಾಕಿಗಳ ಎದುರೇ ಒಮ್ಮೆ, "ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ಗೇರ್ ಯಾವಾಗ ಹಾಕ್ಬೇಕು ಅಂತ ನಾನು ಹೇಳ್ಬೇಕಾ ಅಣ್ಣ?" ಎಂದುಬಿಟ್ಟ. ಮಾರನೆಯ ದಿನ ನೋಡಿದರೆ ಅಪ್ಪ ಕ್ಯಾಬಿನ್ನಿನ ಮ್ಯಾಟನ್ನೂ ಅದರಡಿಯ ಕಂಬಳಿಯನ್ನೂ ಕಿತ್ತು ಎಸೆದಿದ್ದ. ಚಪ್ಪಲಿ ಬಿಚ್ಚಿಟ್ಟು ಬರಿಗಾಲನ್ನು ತಗಡಿನ ಮೇಲೆ ಊರಿ ಓಡಿಸುತ್ತಿದ್ದ. ಚಿಕ್ಕಪ್ಪ ಬೈದುಕೊಂಡು ಮತ್ತೆ ಅಂಟಿಸಿದ. ಅಪ್ಪ ಮತ್ತೆ ಕಿತ್ತ. ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದರು. ಹಳೆಯ ಇಂಜಿನ್ ಕಿತ್ತದ್ದಕ್ಕೆ ಬೇಕೆಂದೇ ಹೀಗೆ ಮಾಡುತ್ತಿದ್ದಾನೆ ಎಂದು ಚಿಕ್ಕಪ್ಪ ನಂಬಿಬಿಟ್ಟ. ನಾನೂ ನಂಬಿದೆ. ಬೆಳಿಗ್ಗೆ ಅಪ್ಪನ ಪಕ್ಕ ಕೂತು ಮಾತಾಡಿದರೆ ಅವನು ಉತ್ತರವನ್ನೇ ಕೊಡುತ್ತಿರಲಿಲ್ಲ. ಇಂಜಿನ್ ಮೇಲಿನ ಸಿಟ್ಟು ನನ್ನ ಮೇಲೇಕೆ ಎಂದು ನನಗೂ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಈಗ ಕಿರುಚಬೇಕಾಗಿಲ್ಲ ಎಂಬ ಸಂತೋಷದಲ್ಲಿ ನಾನು ಕಿಟಕಿಯ ಕಡೆ ನೋಡುತ್ತ ಮೆತ್ತಗೆ ಮಾತಾಡುತ್ತಿದ್ದೆ.

ಹೀಗಿರುವಾಗ ಚಿಕ್ಕಪ್ಪ ಗ್ಯಾರೇಜಿಗೆಂದು ಹಳೆಯ ಕಬ್ಬಿಣದ ಬೀರುವೊಂದನ್ನು ಕೊಂಡ. ಅಪ್ಪನೇ ಅದನ್ನು ಹೇರಿಕೊಂಡು ಬಂದ. ನನಗೆ ಅಂಗಡಿಗೆ ರಜೆ, ಅಲ್ಲೇ ಇದ್ದೆ. ಅಪ್ಪ ಗಾಡಿಯನ್ನು ಗ್ಯಾರೇಜಿನೊಳಕ್ಕೆ ಹಿಂದೆ ತೆಗೆಯತೊಡಗಿದ. ಚಿಕ್ಕಪ್ಪ ಗೋಡೆಯ ಕಡೆ ನಿಂತು, "ಬಾ, ಬಾ, ಇನ್ನೂ ಬಾ" ಎಂದು ತನ್ನ ಎಂದಿನ ಮೆದು ದನಿಯಲ್ಲಿ ಕರೆಯುತ್ತಿದ್ದ. ಬೀರು ಎತ್ತರವಾಗಿದ್ದರಿಂದ ಕನ್ನಡಿಯಲ್ಲಿ ಅಪ್ಪನಿಗೆ ಅವನು ಕಾಣುತ್ತಿರಲಿಲ್ಲ. "ಸಾಕು" ಎಂದ ಚಿಕ್ಕಪ್ಪ. ಗಾಡಿ ಬಂತು. "ಸಾಕು ಅಣ್ಣ" ಎಂದ. ಗಾಡಿ ಬರುತ್ತಲೇ ಇತ್ತು. "ಅಣ್ಣಾ!" ಎಂದು ಕೂಗಿದ. ಹಿಂಬಾಗಿಲು ಅವನ ಎದೆಗೆ ತಾಗಿತು, ಬೆನ್ನು ಗೋಡೆಗೆ ಹತ್ತಿತು, ಮುಂದಿನ ಕೂಗು ಬಾಯಿಂದ ಹೊರಡಲಿಲ್ಲ.

ನಾನು ಕಿರುಚಿದೆ. ನನ್ನದು ಜೋರು ಬಾಯಿ, ಬೀದಿಯ ಜನ ತಿರುಗಿ ನೋಡಿದರು. ಅಪ್ಪ ತಿರುಗಲಿಲ್ಲ. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನಾನು ಎರಡೂ ಕೈಯಿಂದ ಗಾಡಿಯ ಪಕ್ಕೆಗೆ ಬಡಿದಿದ್ದೆ.

ಗಾಡಿ ಅಲ್ಲೇ ನಿಂತಿತು.

ಅಪ್ಪ ಕಿಟಕಿಯಿಂದ ತಲೆ ಹಾಕಿ ನಗುತ್ತ, "ಯಾಕೇ, ಇನ್ನೂ ಜಾಗ ಇದೆಯಲ್ಲ?" ಎಂದ. ನನ್ನ ಮುಖ ನೋಡಿದ. ಗಾಡಿಯನ್ನು ಮುಂದಕ್ಕೆ ತೆಗೆದು ಇಳಿದು ಓಡಿ ಬಂದ. ಚಿಕ್ಕಪ್ಪ ಗೋಡೆಗೆ ಒರಗಿ ಜಾರಿ ನೆಲದ ಮೇಲೆ ಕೂತಿದ್ದ. ಪಕ್ಕೆಲುಬು ಬಿರುಕು ಬಿಟ್ಟಿತ್ತು, ಅದು ಆಮೇಲೆ ಗೊತ್ತಾಯಿತು. ಉಸಿರು ಬಂದ ಮೇಲೆ ಅವನು ತಲೆ ತಗ್ಗಿಸಿಕೊಂಡೇ, "ಕೂಗಿದ್ನಲ್ಲ ಅಣ್ಣ" ಎಂದ. ಅಪ್ಪ ಉತ್ತರ ಕೊಡದೆ ಅವನ ಎದೆ ಸವರುತ್ತಲೇ ಇದ್ದ. ಚಿಕ್ಕಪ್ಪ ತಲೆ ಎತ್ತಿ, ಅಪ್ಪನ ಕಣ್ಣು ತನ್ನ ತುಟಿಯ ಮೇಲೆ ನೆಟ್ಟಿರುವುದನ್ನು ನೋಡಿದ. ನಾನೂ ನೋಡಿದೆ. ಯಾರ ಜೊತೆ ಮಾತಾಡುವಾಗಲೂ ಅಪ್ಪ ನೋಡುತ್ತಿದ್ದದ್ದು ಹಾಗೆಯೇ. ಎಷ್ಟು ಪ್ರೀತಿಯಿಂದ ಮಾತು ಕೇಳುತ್ತಾನೆ ಎಂದು ಜನ ಹೇಳುತ್ತಿದ್ದರು.

"ಎಷ್ಟು ದಿನದಿಂದ?" ಎಂದು ಚಿಕ್ಕಪ್ಪ ಕೇಳಿದ.

"ವರ್ಷಗಳೇ ಆಯ್ತು ಕಣೋ." ಅಪ್ಪ ಅವನ ಪಕ್ಕ ನೆಲದ ಮೇಲೆ ಕೂತ. "ಮೊದಲು ಒಂದು ಕಿವಿ. ಆಮೇಲೆ ಇನ್ನೊಂದು. ಆ ಇಂಜಿನ್ ಇದ್ದಾಗ ತೊಂದರೆ ಇರ್ಲಿಲ್ಲ. ಅದರ ಮುಂದೆ ಯಾರಿಗೂ ಏನೂ ಕೇಳ್ತಿರ್ಲಿಲ್ಲ. ಎಲ್ಲರ ಜೊತೆ ನಾನೂ ಒಬ್ಬ."

"ಮತ್ತೆ ಓಡಿಸ್ತಿದ್ದೆಯಲ್ಲ?"

"ಕಾಲಿಗೆ ಗೊತ್ತಾಗ್ತಿತ್ತು. ಕೂತ ಜಾಗಕ್ಕೆ ಗೊತ್ತಾಗ್ತಿತ್ತು. ಯಾವಾಗ ಗೇರ್ ಹಾಕ್ಬೇಕು, ಯಾವಾಗ ಸುಸ್ತಾಯ್ತು, ಎಲ್ಲ ಅದೇ ಬಡಿದು ಬಡಿದು ಹೇಳೋದು. ಇದೂ ಒಳ್ಳೇದೇ. ಆದ್ರೆ ನನ್ನ ಜೊತೆ ಮಾತಾಡಲ್ಲ."

ಚಿಕ್ಕಪ್ಪ ಆಗ ಕಿರುಚಿದ. ಅವನು ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಬಾಯಿ ಬಿಟ್ಟು ಹೇಳ್ಬಾರದಾಗಿತ್ತಾ! ಒಂದು ಮಾತು!"

"ಹೇಳಿದ್ರೆ ಯಾರು ಸಾಮಾನು ಕೊಡ್ತಾರೆ? ನೀವೇ ಬಿಡ್ತಿದ್ರಾ ಓಡಿಸಕ್ಕೆ?" ಎಂದು ಅಪ್ಪ ಕೇಳಿದ. ನಾವು ಬಿಡುತ್ತಿರಲಿಲ್ಲ. ಅಪ್ಪ ಎದ್ದು, ಕೀಲಿಯನ್ನು ಗ್ಯಾರೇಜಿನ ಮೇಜಿನ ಮೇಲಿಟ್ಟ. "ನನ್ನ ತಮ್ಮನ್ನೇ ಒತ್ತಿಬಿಡ್ತಿದ್ದೆ" ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ಹೋದ.

ಕಿವಿಯ ಡಾಕ್ಟರು ನೋಡಿದರು. ಒಳಗಿನ ನರ ಸವೆದಿದೆ ಎಂದು ಯಂತ್ರ ಕೊಟ್ಟರು. ಅದರಲ್ಲಿ ಮಾತಿಗಿಂತ ಗದ್ದಲವೇ ಹೆಚ್ಚು ಕೇಳುತ್ತದೆ ಎಂದು ಅಪ್ಪ ಅದನ್ನು ತೆಗೆದಿಟ್ಟ. ಗಾಡಿಗೆ ಬೇರೆ ಡ್ರೈವರನ್ನು ಇಟ್ಟೆವು. ಅಪ್ಪ ಅಮ್ಮನಿಗೆ ತರಕಾರಿ ಹೆಚ್ಚಿಕೊಟ್ಟ, ಬಟ್ಟೆ ಮಡಚಿದ, ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ತನ್ನ ಗಾಡಿ ಹೋಗುವುದನ್ನೂ ಬರುವುದನ್ನೂ ನೋಡಿದ. ಜೀವಮಾನವಿಡೀ ಒಂದು ಕಡೆ ಕೂರದ ಮನುಷ್ಯ. ಅವನನ್ನು ಹಾಗೆ ನೋಡಲು ನನಗೆ ಸಂಕಟವಾಗುತ್ತಿತ್ತು. ಅಮ್ಮನಂತೂ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. "ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ ಅಂತ ಎಷ್ಟು ಬೈದಿದ್ದೀನಿ" ಅನ್ನುತ್ತಿದ್ದಳು.

ಚಿಕ್ಕಪ್ಪ ಪಕ್ಕೆಗೆ ಕಟ್ಟಿದ ಪಟ್ಟಿಯ ಸಮೇತ ಗುಜರಿಗೆ ಹೋದ. ಹಳೆಯ ಇಂಜಿನ್ನಿನ ಚೂರೂ ಉಳಿದಿರಲಿಲ್ಲ. ಅದೇ ಮಾದರಿಯದು ಇನ್ನೊಂದಕ್ಕಾಗಿ ಊರೂರು ಅಲೆದ. ಸಿಕ್ಕಿದವೆಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಒಂದು ದಿನ ಚಿಕ್ಕಮ್ಮನ ಕೈಜಾರಿ ದೊಡ್ಡ ಪಾತ್ರೆಯೊಂದು ನೆಲಕ್ಕೆ ಬಿದ್ದು ಮನೆಯೆಲ್ಲ ಗಣಗಣ ಎಂದಿತು. ಚಿಕ್ಕಪ್ಪ ತಲೆ ಎತ್ತಿಯೂ ನೋಡಲಿಲ್ಲ. ಅವಳು ಹೆದರಿ ನಮ್ಮ ಮನೆಗೆ ಓಡಿ ಬಂದಳು. ಅವತ್ತು ರಾತ್ರಿ ಚಿಕ್ಕಪ್ಪ ಅವಳ ಮುಂದೆ ಅತ್ತನಂತೆ. "ಊರಿನ ಗಾಡಿಗೆಲ್ಲ ಎಲ್ಲಿ ನೋವು ಅಂತ ದೂರದಿಂದಲೇ ಹೇಳ್ತಿದ್ದೆ. ಎದುರು ಮನೇಲಿದ್ದ ಅಣ್ಣ ಬೇಡ ಅಂದಿದ್ದು ನಂಗೆ ಕೇಳಿಸ್ಲಿಲ್ಲವಲ್ಲೇ" ಎಂದನಂತೆ.

ಕೊನೆಗೆ ಅವನು ಒಂದು ಕೆಲಸಕ್ಕೆ ಕೈ ಹಾಕಿದ. ತಾನೇ ಕೂರಿಸಿದ ಎರಡೆರಡು ರಬ್ಬರುಗಳನ್ನು ಕಿತ್ತು, ಇಂಜಿನ್ನನ್ನು ಬರೀ ಕಬ್ಬಿಣದ ತುಂಡುಗಳ ಮೇಲೆ ಕೂರಿಸಿದ. ಸೈಲೆನ್ಸರ್ ಅರ್ಧ ಕತ್ತರಿಸಿದ. ಕಂಬಳಿ, ಮ್ಯಾಟು ಎಲ್ಲ ತೆಗೆದ. ಸೀಟಿನ ಸ್ಪ್ರಿಂಗನ್ನೂ ಬಿಚ್ಚಿ ಹಲಗೆ ಹಾಕಿದ. ಚಾಲೂ ಮಾಡಿದಾಗ ಗ್ಯಾರೇಜಿನ ತಗಡಿನ ಮಾಡು ಕಿರುಗುಟ್ಟಿತು. ಬೀದಿಯವರು ಬಂದು, "ನಾಜೂಕೂ, ತಲೆ ಕೆಟ್ಟಿತಾ ನಿಂಗೆ?" ಎಂದರು. ಅವನು ಅವರ ಕಡೆ ತಿರುಗಲೂ ಇಲ್ಲ. ನನ್ನನ್ನು ಕರೆದು, "ಹೋಗಿ ಅಪ್ಪನ್ನ ಕರ್ಕೊಂಡು ಬಾ" ಎಂದ.

ಅಪ್ಪ ಬರಲು ಒಪ್ಪಲಿಲ್ಲ. ನಾನು ಕೈ ಹಿಡಿದು ಎಳೆದುಕೊಂಡು ಬಂದೆ. ಹಲಗೆಯ ಸೀಟಿನ ಮೇಲೆ ಕೂತು, ಚಪ್ಪಲಿ ಕಳಚಿ ತಗಡಿನ ಮೇಲೆ ಪಾದ ಊರಿದ. ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು. ಚಿಕ್ಕಪ್ಪ ಬಾನೆಟ್ ಎತ್ತಿ ಇಂಜಿನ್ನಿನ ವೇಗ ಏರಿಸಿದ, ಇಳಿಸಿದ. ಪಕ್ಕದಿಂದ ಬಗ್ಗಿ, ಗೊತ್ತಾಗುತ್ತಿದೆಯಾ ಎಂದು ಕೈಸನ್ನೆಯಲ್ಲಿ ಕೇಳಿದ. ಅಪ್ಪ ಸ್ವಲ್ಪ ಯೋಚಿಸಿ ಇಲ್ಲ ಎಂದು ತಲೆ ಅಲ್ಲಾಡಿಸಿದ. ಹಳೆಯದು ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಕೊಡುತ್ತಿತ್ತು. ಇದು ಎಷ್ಟು ಗದ್ದಲ ಮಾಡಿದರೂ ಒಳಗೆ ಒಂದೇ ಸಮನೆ ಸಣ್ಣಗೆ ನಡುಗುತ್ತಿತ್ತು. ವರ್ಷಗಟ್ಟಲೆ ಅದುರಿ ಜೋಮು ಹಿಡಿದ ಅಪ್ಪನ ಕಾಲಿಗೆ ಆ ನಡುಕಕ್ಕೂ ತನ್ನ ಜೋಮಿಗೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಚಿಕ್ಕಪ್ಪ ಒಂದು ಬೋಲ್ಟ್ ಬಿಗಿ ಮಾಡಿ ಮತ್ತೆ ಕೇಳಿದ. ಅಪ್ಪ ಮತ್ತೆ ತಲೆ ಅಲ್ಲಾಡಿಸಿದ. ಇನ್ನೊಂದು ಬಿಗಿ ಮಾಡಿದ. ಬೆವರಿನಲ್ಲಿ ಮಸಿ ಕಲೆತು ಅವನ ಮುಖದ ಮೇಲೆಲ್ಲ ಇಳಿಯುತ್ತಿತ್ತು, ಪಕ್ಕೆಯ ನೋವಿಗೆ ಒಂದು ಕಡೆ ವಾಲಿ ನಿಂತಿದ್ದ. ಅಪ್ಪ ತಮ್ಮನ ಆ ಮುಖವನ್ನೇ ತುಂಬ ಹೊತ್ತು ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಇಂಜಿನ್ ಕೂರಿಸಿದ ಜಾಗವನ್ನೇ ಸ್ವಲ್ಪ ಸರಿಸಿ ನೋಡೋಣ ಎಂದುಕೊಂಡು ಚಿಕ್ಕಪ್ಪ ಬಾನೆಟ್ಟಿನ ಒಳಗಿಂದಲೇ ಇಂಜಿನ್ ನಿಲ್ಲಿಸಿದ. ಗ್ಯಾರೇಜು ಮೌನವಾಯಿತು. ಅವನ ಕೈಯ ಸ್ಪ್ಯಾನರ್ ನಟ್ಟಿಗೆ ತಾಗಿದ್ದೂ ನನಗೆ ಕೇಳಿಸಿತು.

ಆಗ ಅಪ್ಪ ಕಣ್ಣು ಮುಚ್ಚಿಕೊಂಡೇ, ದೊಡ್ಡ ದನಿಯಲ್ಲಿ ಹೇಳಿದ: "ಹಾಂ! ಈಗ ಬಂತು ನೋಡು. ಈಗ ಸರಿಯಾಯ್ತು ಕಣೋ. ಕಾಲಿಗೆ ಚೆನ್ನಾಗಿ ಗೊತ್ತಾಗ್ತಿದೆ."

ಚಿಕ್ಕಪ್ಪ ಬಾನೆಟ್ಟಿನ ಒಳಗೆ ಬಗ್ಗಿದವನು ಬಗ್ಗಿದಂತೆಯೇ ನಿಂತ.

ಅಪ್ಪ ಇಳಿದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟ. "ಇಷ್ಟೇ ಬೇಕಾಗಿದ್ದಿದ್ದು. ಚೆನ್ನಾಗಿ ಮಾಡಿದ್ದೀಯ. ಇನ್ನು ಕೊರಗಬೇಡ" ಎಂದ. ನಾನು ಏನೋ ಹೇಳಲು ಬಾಯಿ ತೆರೆದೆ. ಚಿಕ್ಕಪ್ಪ ತಲೆ ಎತ್ತದೆಯೇ ಬೇಡ ಎಂದು ಕೈಯಾಡಿಸಿದ. ಆಮೇಲೆ ಅಣ್ಣನಿಗೆ ತುಟಿ ಕಾಣುವ ಹಾಗೆ ತಿರುಗಿ ನಿಂತು, ನಿಧಾನವಾಗಿ, "ಹೌದಣ್ಣ. ಸರಿಯಾಯ್ತು" ಎಂದ. ಅಪ್ಪ ಸಮಾಧಾನದಿಂದ ತಲೆಯಾಡಿಸಿ ರಸ್ತೆ ದಾಟಿ ಮನೆಗೆ ಹೋದ. ಹೋಗುವಾಗ ಕೀಲಿ ತೆಗೆದುಕೊಳ್ಳಲಿಲ್ಲ. ಚಿಕ್ಕಪ್ಪ ಕರೆದು ಕೊಡಲೂ ಇಲ್ಲ.